ಅಳತೆಗೆ ಇಟ್ಟ ಕೈ

ಸುಂದರೇಶ ತೀರಿಹೋದ ಅಕ್ಕನ ಅಂಗೈಯಲ್ಲಿ ಫೋನಿಟ್ಟು, ಬಿಳಿ ದಾರದಿಂದ ಮೂರು ಸುತ್ತು ಸುತ್ತಿ ಗಂಟು ಹಾಕುವಷ್ಟರಲ್ಲಿ ಅವಳ ಮಗಳು ಪವಿತ್ರಾ ಬಂದು ಬಗ್ಗಿ ದಾರವನ್ನು ಹಲ್ಲಿನಿಂದಲೇ ಕಡಿದಳು. ಫೋನು ಅವಳ ಕೈಗೆ ಬಂತು. ಅವ್ವನ ಕೈ ಚಾಪೆಯ ಮೇಲೆ ಬಿತ್ತು.

“ಎಂತ ಮಾಡ್ತಿದೀಯೇ ನೀನು? ತಲೆ ನೆಟ್ಟಗಿದ್ಯಾ?”

“ಇದನ್ನ ಹೂಳಕ್ಕೆ ಬಿಡಲ್ಲ ಮಾವ.”

“ನಿನ್ ತಾತನ ಜೊತೆ ಕತ್ತಿ ಹಾಕಿದ್ವಿ. ಅಜ್ಜಿ ಜೊತೆ ಎಲೆಅಡಿಕೆ ಚೀಲ ಹಾಕಿದ್ವಿ. ಕೊನೆಗೆ ಕೈಯಲ್ಲಿ ಎಂತ ಇರ್ತದೋ ಅದು ಜೊತೆಗೇ ಹೋಗ್ಬೇಕು. ಇವಳ ಕೈಯಲ್ಲಿ ಇದೇ ಇತ್ತು. ಬೆರಳು ಬಿಡಿಸಿ ತೆಗ್ದೋನು ನಾನು. ನೀನು ಆಗ ಕೊಪ್ಪದಲ್ಲಿ ಕಾಫಿ ಕುಡೀತಿದ್ದೆ.”

ಅದು ಸುಳ್ಳಲ್ಲ. ನೆಮ್ಮಾರಿನ ಗುಡ್ಡದ ಮೇಲೆ ಪವಿತ್ರಾಳ ಅವ್ವ ಚಿಕ್ಕಕ್ಕ ಮತ್ತಿಮರಕ್ಕೆ ಒರಗಿ ಕೂತವಳು ಏಳದೆ ಹೋದಾಗ ಬೆಳಗಿನ ಏಳು ಗಂಟೆ. ಯುಗಾದಿ ಕಳೆದು ಎರಡು ವಾರವಾಗಿತ್ತು, ಹಿಂದಿನ ದಿನವಷ್ಟೇ ಬೇಸಿಗೆಯ ಮೊದಲ ಮಳೆ ಬಿದ್ದಿತ್ತು. ಅಂಥ ಮಳೆಯ ಮಾರನೆಯ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗುವ ಮುಂಚೆ ಗುಡ್ಡ ಹತ್ತದೆ ಇದ್ದದ್ದೇ ಇಲ್ಲ. ಪಕ್ಕದ ಮನೆಯ ಕರಿಯಕ್ಕ, ಮೂವತ್ತು ವರ್ಷ ಅವಳ ಜೊತೆ ತೋಟದ ಕೆಲಸಕ್ಕೆ ಹೋದವಳು, ಕೂಗಿ ಕೂಗಿ ಸಾಕಾಗಿ ಹುಡುಕಿಕೊಂಡು ಹೋದಳು. ಅರವತ್ತೊಂದು ವರ್ಷದ ಹೆಂಗಸು, ಒಂದು ಜ್ವರಕ್ಕೂ ಮಲಗದವಳು. ಎದೆ ಹಿಡಿದಿರಬೇಕು ಎಂದರು. ಪವಿತ್ರಾ ಕೊಪ್ಪದಿಂದ ಬಸ್ಸು ಹಿಡಿದು, ಶೃಂಗೇರಿಯಲ್ಲಿ ಇಳಿದು ಇನ್ನೊಂದು ಹತ್ತಿ ಬರುವಷ್ಟರಲ್ಲಿ ಅವ್ವನಿಗೆ ಸ್ನಾನವೂ ಆಗಿತ್ತು.

“ಜಗಳ ಆಮೇಲೆ ಮಾಡ್ಕಳಿ ಮಾರಾಯ್ರೆ,” ಎಂದಳು ಕರಿಯಕ್ಕ. “ಎನ್.ಆರ್.ಪುರದ ನೆಂಟ್ರು ಬರಕ್ಕೆ ಇನ್ನೂ ಹೊತ್ತಿದೆ. ಅಲ್ಲೀವರೆಗೆ ಅವಳನ್ನ ಸುಮ್ಮನೆ ಮಲಗಕ್ಕೆ ಬಿಡಿ.”

ಸುಮ್ಮನೆ ಬಿಡುವವರು ಯಾರು? ಅಂಗಳದಲ್ಲಿದ್ದ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಗಣೇಶಮೂರ್ತಿಯವರು ಮೊಣಕಾಲಿಗೆ ಕೈಯೂರಿ ಎದ್ದರು. ಬೇಗಾರಿನ ತೋಟದ ಯಜಮಾನರು, ಚಿಕ್ಕಕ್ಕ ಕೆಲಸಕ್ಕೆ ಹೋಗುತ್ತಿದ್ದದ್ದು ಅವರಲ್ಲಿಗೇ. ಕಾಡುಹೂಗಳ ಮೇಲೆ ಬಣ್ಣದ ದೊಡ್ಡ ಪುಸ್ತಕ ತಂದವರು, ಶಾಲೆ ಕಾಲೇಜುಗಳಲ್ಲಿ ಪರಿಸರದ ಭಾಷಣ ಮಾಡುವವರು. ಮುಖದಲ್ಲಿ ದುಃಖ ಇತ್ತು, ಇರಲಿಲ್ಲ ಎನ್ನಲಾಗದು. ಆದರೆ ದುಃಖಕ್ಕಿಂತ ಮುಂದೆ ಬಂದು ನಿಂತದ್ದು ಬೇರೆ.

“ಅಬ್ಬ, ಫೋನು ಸಿಕ್ತಲ್ಲ. ಎಲ್ಲಿ ಗುಂಡಿಗೆ ಹೋಗ್ತದೋ ಅಂತ ನಂಗೆ ಜೀವವೇ ಇರ್ಲಿಲ್ಲ. ಇಲ್ಲಿ ಕೊಡು ಪವಿತ್ರಾ.”

“ಯಾಕೆ ಸಾರ್?”

“ಯಾಕೆ ಅಂದ್ರೆ? ಎರಡನೇ ಪುಸ್ತಕ ಅರ್ಧ ಆಗಿದೆ. ಈ ವರ್ಷದ ಹೂವೆಲ್ಲ ಅದರೊಳಗಿದೆ. ಫೋನು ನಾನೇ ಕೊಟ್ಟಿದ್ದು, ನಿಂಗೆ ಗೊತ್ತಿದೆ. ಹಾಗಂತ ವಾಪಸ್ ಬೇಕು ಅಂತಲ್ಲ ಮತ್ತೆ. ಫೋಟೋ ತಗೊಂಡು ನಾಳೆಯೇ ಕಳ್ಸಿಕೊಡ್ತೇನೆ.” ಸ್ವಲ್ಪ ತಡೆದು ಸೇರಿಸಿದರು, “ಚಾರ್ಜರ್ ಇದ್ರೆ ಅದನ್ನೂ ಕೊಡು.”

ಹೆಣದ ಮುಂದೆ ನಿಂತು ಚಾರ್ಜರ್ ಕೇಳುವುದಕ್ಕೂ ಒಂದು ಧೈರ್ಯ ಬೇಕು. ಅವರಿಗೆ ಅದು ಹುಟ್ಟಿನಿಂದ ಬಂದಿತ್ತು.

“ಅಯ್ಯಾ, ಅದು ಅಕ್ಕನ ಜೊತೆ ಹೋಗೋ ಸಾಮಾನು,” ಎಂದ ಸುಂದರೇಶ.

“ಮೂಢನಂಬಿಕೆ ಮಾರಾಯ ಅದು. ಮಣ್ಣೊಳಗೆ ಫೋನ್ ಹಾಕ್ತಾರಾ ಯಾರಾದ್ರೂ? ಅದರ ಬ್ಯಾಟರಿ ಮಣ್ಣಿಗೆ ವಿಷ.”

ಪವಿತ್ರಾ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ದುಪಟ್ಟಾ ಬಿಗಿಯಾಗಿ ಕಟ್ಟಿ, ಅವ್ವನ ಬಿದ್ದ ಕೈಯನ್ನು ಎತ್ತಿ ಎದೆಯ ಮೇಲಿಟ್ಟಳು. ಉಂಗುರದ ಬೆರಳಿನ ತುದಿ ಇಲ್ಲದ ಕೈ. ಅದನ್ನು ನೋಡಿದ್ದೇ ಅವಳಿಗೆ ಸಿಟ್ಟು ಉಕ್ಕಿತು. ಆ ಸಿಟ್ಟು ಯಾರ ಮೇಲೆ ಎಂದು ಕೇಳಿದ್ದರೆ ಅವಳು ಮೊದಲು ಮೂರ್ತಿಯವರ ಹೆಸರು ಹೇಳುತ್ತಿದ್ದಳು.

*

ಎಂಟು ವರ್ಷದ ಹಿಂದೆ ಮೂರ್ತಿಯವರ ಬಳಿ ತೋಳುದ್ದದ ಲೆನ್ಸಿನ ಕ್ಯಾಮೆರಾ ಇತ್ತು. ಕಣ್ಣು ಚಿಕ್ಕಕ್ಕನ ಬಳಿ ಇತ್ತು. ಅಡಿಕೆ ಮರಕ್ಕೆ ಅಂಟಿಕೊಂಡ ಹಾರುಓತಿ ಮೂರ್ತಿಯವರಿಗೆ ಬರೀ ತೊಗಟೆಯಾಗಿ ಕಾಣುತ್ತಿತ್ತು. “ಅಯ್ಯಾ, ಅಲ್ಲೆ, ಗಂಟಲ ಹಳದಿ ಚೀಲ ಬಿಚ್ತದೆ ನೋಡಿ,” ಎಂದು ಚಿಕ್ಕಕ್ಕ ಹುಲ್ಲಿನ ಹೊರೆ ಹೊತ್ತೇ ಹೇಳುವಳು, ಅದು ಬಿಚ್ಚಿಯೇ ಬಿಡುವುದು. ಮಂಗಟ್ಟೆ ಹಕ್ಕಿ ಯಾವ ಮರದ ಪೊಟರೆಯಲ್ಲಿ ಹೆಣ್ಣನ್ನು ಕೂಡಿಹಾಕಿ ಬಾಗಿಲು ಮೆತ್ತಿದೆ, ಕೆಂಜಳಿಲು ಯಾವ ಕೊಂಬೆಯಲ್ಲಿ ಮಧ್ಯಾಹ್ನ ಕಾಲು ಇಳಿಬಿಟ್ಟು ಮಲಗುತ್ತದೆ, ಸೀತಾಳೆ ದಂಡೆ ಯಾವ ಹಲಸಿನ ಮರದಲ್ಲಿ ಮೊದಲು ಹೂಬಿಡುತ್ತದೆ, ಎಲ್ಲ ಅವಳಿಗೆ ಗೊತ್ತು. ಅದನ್ನೆಲ್ಲ ಅವಳು ಕಲಿತದ್ದಲ್ಲ. ದಿನಾ ಆ ದಾರಿಯಲ್ಲೇ ನಡೆಯುವವಳು, ತಲೆ ಎತ್ತಿ ನಡೆಯುತ್ತಿದ್ದಳು, ಅಷ್ಟೆ.

ಆಮೇಲೆ ಮೂರ್ತಿಯವರ ಮೊಣಕಾಲು ಕೈಕೊಟ್ಟಿತು. ಗುಡ್ಡ ಹತ್ತುವುದು ಮುಗಿಯಿತು. ಆಗ ತಮ್ಮ ಹಳೆಯ ಫೋನನ್ನು ಚಿಕ್ಕಕ್ಕನ ಕೈಗಿಟ್ಟು, ಕಾಫಿ ಕಣದ ಕಟ್ಟೆಯ ಮೇಲೆ ಕೂರಿಸಿಕೊಂಡು ಕಲಿಸಿದರು. ಅದನ್ನು ಇಲ್ಲ ಎನ್ನುವುದು ತಪ್ಪಾಗುತ್ತದೆ. ತಾಳ್ಮೆಯಿಂದಲೇ ಕಲಿಸಿದರು.

“ಬಿಸಿಲಿಗೆ ಬೆನ್ನು ಮಾಡಿ ನಿಂತ್ಕೋ. ಉಸಿರು ಹಿಡಿ. ಮತ್ತೊಂದು ವಿಷಯ, ಅಳತೆಗೆ ಪಕ್ಕದಲ್ಲಿ ಏನಾದ್ರೂ ಇಡು. ಇಲ್ಲದಿದ್ರೆ ಹೂವು ಸಾಸಿವೆಯಷ್ಟೋ ಸೌತೆಕಾಯಷ್ಟೋ ನೋಡೋರಿಗೆ ಹೇಗೆ ಗೊತ್ತಾಗಬೇಕು? ಒಂದು ನಾಣ್ಯ ಇಡು.”

“ಗುಡ್ಡಕ್ಕೆ ನಾಣ್ಯ ತಗಂಡು ಯಾರು ಹೋಗ್ತಾರೆ ಅಯ್ಯಾ? ಕೈ ಇಡ್ಲಾ?”

“ಇಡು. ಕೈ ಆದ್ರೂ ಆಗ್ತದೆ.”

ಹಾಗೆ ಶುರುವಾದದ್ದು. ಬಲಗೈಯಲ್ಲಿ ಫೋನು, ಎಡಗೈ ಹೂವಿನ ಪಕ್ಕದಲ್ಲಿ. ಆ ಎಡಗೈಯ ಉಂಗುರದ ಬೆರಳಿನ ತುದಿ ಒಂಬತ್ತನೇ ವರ್ಷಕ್ಕೇ ಹೋಗಿತ್ತು. ತಮ್ಮ ಸುಂದರೇಶನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹುಲ್ಲು ಕೊಯ್ಯುತ್ತಿದ್ದಾಗ ಅವನು ಮಗ್ಗುಲಿಗೆ ವಾಲಿದ, ಅವನು ಬೀಳದ ಹಾಗೆ ನೋಡಿಕೊಳ್ಳುವುದರಲ್ಲಿ ಕತ್ತಿ ಬೆರಳಿಗೆ ಬಂತು. ತಮ್ಮ ಬೀಳಲಿಲ್ಲ. ಚಿಕ್ಕಕ್ಕ ಆ ಕತೆಯನ್ನು ನಗುತ್ತಲೇ ಹೇಳುತ್ತಿದ್ದಳು.

ಪ್ರತಿ ಭಾನುವಾರ ಫೋಟೋಗಳು ಮೂರ್ತಿಯವರಿಗೆ ಹೋಗುತ್ತಿದ್ದವು. ಸುರಗಿ ಹೂವು, ಪಕ್ಕದಲ್ಲಿ ಮೊಂಡು ಬೆರಳು. ಎಲೆಯಡಿಯ ಹಸಿರು ಕಪ್ಪೆ, ಪಕ್ಕದಲ್ಲಿ ಮೊಂಡು ಬೆರಳು. ಅಕ್ಷರ ಬಾರದವಳು ಫೋಟೋದ ಕೆಳಗೆ ಹೆಸರು ಬರೆಯುವುದು ಹೇಗೆ? ಆ ಕೈಯೇ ಅವಳ ಸಹಿಯಾಗಿತ್ತು.

*

“ಚಿಕ್ಕಕ್ಕ ಅಂದ್ರೆ ನನ್ನ ಕಣ್ಣು ಇದ್ದ ಹಾಗೆ ಇದ್ಲು,” ಎಂದು ಮೂರ್ತಿಯವರು ಅಂಗಳದಲ್ಲಿ ಸೇರಿದವರಿಗೆ ಹೇಳುತ್ತಿದ್ದರು. ಪವಿತ್ರಾ ಒಲೆಯ ಮುಂದೆ ಕೂತು ಬಂದವರಿಗೆ ಹಾಲಿಲ್ಲದ ಕಣ್ಣೆಕಾಫಿ ಕಾಯಿಸುತ್ತಿದ್ದಳು. ಕೇಳಿಸದೆ ಇರಲು ಬಾಗಿಲು ಹಾಕುವಂತಿರಲಿಲ್ಲ. “ಎಷ್ಟು ನಿಷ್ಠೆ ಅಂತೀರಿ. ಒಂದು ದಿನ ಅದು ಬೇಕು ಇದು ಬೇಕು ಅಂದವಳಲ್ಲ.”

ಅಂದವಳಲ್ಲ, ಕೊಟ್ಟವರೂ ಅಲ್ಲ. ಇಂಥ ಮಾತನ್ನು ಜನ ಸತ್ತವರ ಗುಣ ಎಂದು ಹೇಳುತ್ತಾರಲ್ಲ, ಅವರ ನಾಲಿಗೆಗೆ ಏನೆನ್ನಬೇಕು!

ಮೂರ್ತಿಯವರು ಕಾರಿನಿಂದ ಪುಸ್ತಕದ ಒಂದು ಪ್ರತಿ ತರಿಸಿ ಹೆಣದ ಕಾಲ ಬಳಿ ಇಟ್ಟಿದ್ದರು. ಹೊಳೆಯುವ ರಟ್ಟು, ಮೇಲೆ ಅವರ ಹೆಸರು. ಕರಿಯಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ಮಗುಚತೊಡಗಿದಳು. ಓದಲು ಬಾರದು, ಆದರೆ ಹೂವು ಯಾವುದೆಂದು ಬರುತ್ತದೆ, ಯಾವ ಗುಡ್ಡದ್ದೆಂದೂ ಬರುತ್ತದೆ. ಅರ್ಧ ಪುಸ್ತಕ ಮುಗಿಸಿ ತಲೆ ಎತ್ತಿದಳು.

“ಅಯ್ಯಾ, ಇದು ಚಿಕ್ಕಕ್ಕ ತೆಗ್ದಿದ್ದೇ ಅಲ್ದಾ? ನಾನೇ ಜೊತೆಗಿದ್ದೆ. ಕೈ ಎಲ್ಲೋಯ್ತು ಇದ್ರಲ್ಲಿ?”

ಮೂರ್ತಿಯವರು ನಕ್ಕರು.

“ಅದು ಪುಸ್ತಕ ಮಾರಾಯ್ತಿ. ಪುಸ್ತಕಕ್ಕೆ ಹಾಗೆಲ್ಲ ಕೈ ಗೀ ಬರಲ್ಲ.” ಅಲ್ಲಿಂದಲೇ ಒಲೆಯ ಕಡೆ ನೋಡಿದರು. “ಬೇಕಾದ್ರೆ ಪವಿತ್ರನ್ನೇ ಕೇಳು. ಅವಳಿಗೆ ಗೊತ್ತು.”

ಪವಿತ್ರಾ ತಲೆ ಎತ್ತದೆ ಒಲೆಗೆ ಇನ್ನೊಂದು ಸೌದೆ ತುರುಕಿದಳು.

*

ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ಸ್ಟುಡಿಯೋ, ಜೆರಾಕ್ಸ್, ಫ್ಲೆಕ್ಸ್ ಎಲ್ಲ ಒಂದೇ ಆಗಿರುವ ಅಂಗಡಿಯೊಂದಿದೆ. ಪವಿತ್ರಾ ಹನ್ನೊಂದು ವರ್ಷದಿಂದ ಅಲ್ಲಿ ಕೆಲಸಕ್ಕಿದ್ದಾಳೆ. ಮದುವೆ ಹುಡುಗಿಯ ಮುಖದ ಮೊಡವೆ ತೆಗೆಯುವುದು, ಸತ್ತುಹೋದ ತಂದೆಯನ್ನು ಗೃಹಪ್ರವೇಶದ ಫೋಟೋದಲ್ಲಿ ತಾಯಿಯ ಪಕ್ಕ ನಿಲ್ಲಿಸುವುದು, ಇಂಥದರಲ್ಲಿ ಅವಳದು ಎತ್ತಿದ ಕೈ. ಎರಡು ವರ್ಷದ ಹಿಂದೆ ಮೂರ್ತಿಯವರು ಪೆನ್‌ಡ್ರೈವ್ ಹಿಡಿದು ಬಂದರು.

“ನಲವತ್ತೊಂದು ಫೋಟೋ ಇದೆ. ಪುಸ್ತಕಕ್ಕೆ ಹೋಗೋದು. ಈ ಕೈ ಒಂದು ತೆಗ್ದುಬಿಡು.”

ಪರದೆಯ ತುಂಬ ಅವ್ವನ ಕೈ. ಪವಿತ್ರಾ ಅವರ ಮುಖ ನೋಡಿದಳು.

“ಅವ್ವಂದು ಸಾರ್ ಇದು.”

“ಗೊತ್ತು, ಗೊತ್ತು. ಅವಳ ಹೆಸರು ಮೊದಲ ಪುಟದಲ್ಲಿ ಹಾಕ್ತೇವೆ. ಆದ್ರೆ ಕೈ ಇದ್ರೆ ಕಣ್ಣು ಹೂವಿನ ಮೇಲೆ ನಿಲ್ಲಲ್ಲ. ಅದರಲ್ಲೂ ಆ ಮೊಂಡು ಬೆರಳು, ಉಗುರಲ್ಲಿ ಮಣ್ಣು… ಬೆಂಗಳೂರಲ್ಲಿ ಅಚ್ಚಾಗೋ ಪುಸ್ತಕ ಇದು. ನಿನ್ನಿಂದ ಆಗದಿದ್ರೆ ಹೇಳು, ಬೇರೆಯವರಿಗೆ ಕೊಡ್ತೇನೆ.”

ಆಗುವುದಿಲ್ಲ ಎಂದಿದ್ದರೆ ಆಗುತ್ತಿತ್ತು. ಒಂದೇ ಮಾತು. ಆದರೆ ‘ನಿನ್ನಿಂದ ಆಗದಿದ್ರೆ’ ಎಂಬುದು ಪವಿತ್ರಾಳಿಗೆ ನಾಟಿತು. ಮೂರು ದಿನ ಕೂತು ಮಾಡಿದಳು. ಕೆಲವದರಲ್ಲಿ ಬದಿಯನ್ನೇ ಕತ್ತರಿಸಿದಳು. ಕತ್ತರಿಸಲು ಬಾರದ ಕಡೆ ಬೆರಳಿನ ಮೇಲೆ ತರಗೆಲೆ ತುಂಬಿದಳು, ಮಣಿಕಟ್ಟಿನ ಮೇಲೆ ಪಾಚಿ ಬೆಳೆಸಿದಳು. ನಲವತ್ತೊಂದು ಸಲ ಅವ್ವನ ಕೈ ತೆಗೆದಳು. ಕೊನೆಗೆ ಮೂರ್ತಿಯವರು ಪರದೆಗೆ ಮೂಗು ತಾಗಿಸಿ ನೋಡಿ, “ಎಂಥ ಕೆಲಸ! ಇಲ್ಲಿ ಒಂದು ಕೈ ಇತ್ತು ಅಂತಲೇ ಗೊತ್ತಾಗಲ್ಲ,” ಎಂದರು. ಅವಳಿಗೆ ಖುಷಿಯಾಯಿತು. ನಾಚಿಕೆಗೆಟ್ಟ ಖುಷಿ, ಆದರೆ ಆಯಿತು. ಪಕ್ಕದ ಟೇಬಲ್ಲಿನ ರೇಖಾಳಿಗೆ ಟೀ ಕೊಡಿಸಿದ್ದಳು ಆ ದಿನ.

ಪುಸ್ತಕ ಬಿಡುಗಡೆಗೆ ಶೃಂಗೇರಿಯ ಸಭಾಂಗಣಕ್ಕೆ ಚಿಕ್ಕಕ್ಕನನ್ನು ಕರೆದಿದ್ದರು, ತೋರಣ ಕಟ್ಟಲು ಮತ್ತು ಊಟದ ಎಲೆ ತೊಳೆಯಲು. ಎಲ್ಲ ಮುಗಿದ ಮೇಲೆ ಅವಳು ಕೈಯನ್ನು ಸೀರೆಗೆ ಒರೆಸಿ ಒರೆಸಿ ಒಣಗಿಸಿಕೊಂಡು ಪುಸ್ತಕ ಬಿಡಿಸಿದಳು. ಮೊದಲ ಪುಟದಲ್ಲಿ ‘ಸಹಕರಿಸಿದ ಸ್ಥಳೀಯರಿಗೆ ವಂದನೆ’ ಎಂದಿತ್ತು. ಅದನ್ನು ಪವಿತ್ರಾ ಓದಿ ಹೇಳಲಿಲ್ಲ. ಚಿಕ್ಕಕ್ಕ ನಲವತ್ತೊಂದು ಹೂವನ್ನೂ ನೋಡಿದಳು.

“ನನ್ ಕೈ ಎಂತಾಯ್ತೆ ಪವಿ?”

“ಅದು… ಪ್ರಿಂಟಲ್ಲಿ ಹಂಗೇ ಅವ್ವ. ಸೈಡಲ್ಲಿ ಇದ್ದಿದ್ದು ಹೋಗಿಬಿಡ್ತದೆ.”

“ಓ.” ಚಿಕ್ಕಕ್ಕ ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಅಂಗೈ ಇಟ್ಟು ಸವರಿದಳು. “ಹಂಗಾರೆ ನಾನೇ ನಡುವಿಗೆ ಇಡ್ಬೇಕಿತ್ತು. ಗೊತ್ತಾಗ್ಲಿಲ್ಲ ನೋಡು.”

*

“ಒಂದೇ ಒಂದು ಕಷ್ಟ ಆಗಿದೆ ಪವಿತ್ರಾ,” ಎಂದು ಮೂರ್ತಿಯವರು ಅಡಿಗೆಮನೆಯ ಬಾಗಿಲಿಗೇ ಬಂದರು. ಗಂಟೆ ಹನ್ನೆರಡಾಗಿತ್ತು. ಹೊರಗೆ ಬಿದಿರು ಕಡಿಯುವ ಸದ್ದು. “ಹೇಳಬಾರದು, ಆದ್ರೂ ಹೇಳ್ತೇನೆ. ಈ ಎರಡು ವರ್ಷ ಅವಳು ಕಳ್ಸಿದ್ದು ಯಾವುದೂ ಪುಸ್ತಕಕ್ಕೆ ಬರೋ ಹಾಗಿಲ್ಲ. ಎಲ್ಲ ಕೈಮಯ. ಹೂವಿನ ಹಿಂದೆ ಕೈ, ಹೂವಿನ ಅಡಿಗೆ ಕೈ. ಪಕ್ಕಕ್ಕಿಡು ಅಂತ ಎಷ್ಟು ಸಲ ಬಡ್ಕೊಂಡೆ. ಹ್ಞೂಂ ಅಂತಿದ್ಲು, ಮತ್ತೆ ಅದೇ. ಕೈ ಇಲ್ಲದ್ದು ಒಂದೆರಡಾದ್ರೂ ಫೋನಲ್ಲಿ ಇರ್ಬಹುದಾ ಅಂತ. ಇಲ್ಲದಿದ್ರೆ ನೀನೇ ಏನಾದ್ರೂ ಮಾಡ್ಬೇಕು.”

ಉತ್ತರ ಕೊಟ್ಟವಳು ಕರಿಯಕ್ಕ. “ಅದು ಹಂಗೆ ಅಯ್ಯಾ. ಸೈಡಲ್ಲಿ ಇಟ್ರೆ ಪ್ರಿಂಟಲ್ಲಿ ಹೋಯ್ತದಂತೆ. ಮಗಳು ಹೇಳಿದಾಳೆ, ಅವಳು ಅದೇ ಕೆಲ್ಸದವಳಲ್ವಾ, ಅವಳಿಗೆ ಗೊತ್ತಿರ್ತದೆ ಅಂತಿದ್ಲು ಚಿಕ್ಕಕ್ಕ. ನಂಗೂ ಹೇಳಿಕೊಟ್ಟಿದ್ಲು, ಫೋಟೋ ತೆಗೆಯೋದಾದ್ರೆ ನಡುವಿಗೆ ಇಡು ಅಂತ.”

ಪವಿತ್ರಾ ಎದ್ದು ಹಿತ್ತಿಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸೊಂಟದಿಂದ ಫೋನು ತೆಗೆದಳು. ಲಾಕು ಇರಲಿಲ್ಲ. ಅವ್ವನಿಗೆ ಮುಚ್ಚಿಡುವಂಥದ್ದು ಏನಿತ್ತು?

ಸೀತಾಳೆ ದಂಡೆಯ ಗೊಂಚಲು, ಮಣಿಕಟ್ಟಿಗೆ ಸುತ್ತಿಕೊಂಡ ಹಾಗೆ ಇಳಿಬಿಟ್ಟಿತ್ತು. ಹೊಳೆದಾಸವಾಳದ ಒಂದೇ ಹೂವು ಅಂಗೈಯ ಗುಳಿಯಲ್ಲಿ. ಮರಿ ಹಾರುಓತಿಯೊಂದು ಆ ಮೊಂಡು ಬೆರಳಿನ ಮೇಲೆಯೇ ಕೂತು ಕತ್ತು ಎತ್ತಿತ್ತು. ಎರಡು ಬೇಸಿಗೆಯ ಫೋಟೋಗಳು, ಒಂದರಲ್ಲೂ ಕೈ ಬದಿಯಲ್ಲಿಲ್ಲ. ಅಭ್ಯಾಸದಿಂದ ಪವಿತ್ರಾಳ ಕಣ್ಣು ಎಲ್ಲಿ ಕತ್ತರಿಸಬಹುದೆಂದು ಹುಡುಕುತ್ತ ಹೋಯಿತು. ಎಲ್ಲಿಯೂ ಆಗುವಂತಿರಲಿಲ್ಲ. ಕೈ ತೆಗೆದರೆ ಹೂವೂ ಹೋಗುತ್ತಿತ್ತು. ಮಗಳ ಸುಳ್ಳನ್ನು ಅವ್ವ ಕೆಲಸದ ಬುದ್ಧಿಮಾತು ಎಂದು ತಗೊಂಡಿದ್ದಳು, ಅದನ್ನು ಎರಡು ವರ್ಷ ತಪ್ಪದೆ ಪಾಲಿಸಿದ್ದಳು.

ಕೊನೆಯ ಫೋಟೋ ಆ ದಿನದ್ದು, ಆರು ಗಂಟೆ ನಲವತ್ತೆರಡು ನಿಮಿಷ. ಮಳೆಗೆ ನೆನೆದ ಕಪ್ಪು ನೆಲ. ಎಲೆಯಿಲ್ಲ, ಕಾಂಡವಿಲ್ಲ, ಬರೀ ಮಣ್ಣಿನಿಂದ ನೇರ ಎದ್ದ ನೆಲಸಂಪಿಗೆ. ಅವ್ವ ಅಂಗೈಯನ್ನು ಅಗಲವಾಗಿ ಬಿಡಿಸಿ ನೆಲಕ್ಕೆ ಒತ್ತಿದ್ದಳು. ಹೂವು ಬೆರಳುಗಳ ಸಂದಿಯಿಂದ ಎದ್ದಿತ್ತು, ಒಂದು ಬಿಳಿ ಎಸಳು ಮೊಂಡು ಬೆರಳಿನ ಮೇಲೆ ಮಲಗಿತ್ತು.

ಪವಿತ್ರಾ ಅತ್ತಳು. ಅಳು ಬಹಳ ಹೊತ್ತು ಇರಲಿಲ್ಲ, ಅದಕ್ಕಿಂತ ದೊಡ್ಡದು ಹಿಂದೆಯೇ ಬಂತು. ಇಷ್ಟು ಹೊತ್ತು ಮೂರ್ತಿಯವರ ಕಡೆ ಮುಖ ಮಾಡಿದ್ದ ಸಿಟ್ಟು ತಿರುಗಿ ಅವಳನ್ನೇ ಹಿಡಿಯಿತು. ಆಗಲೇ ಅವಳದೇ ಫೋನು ಬಡಿದುಕೊಂಡಿತು. ರೇಖಾ.

“ಪವಿ, ಹೆಂಗಿದೀಯೆ? ಈಗ ಕೇಳಬಾರ್ದು, ಆದ್ರೆ ಮೂರ್ತಿ ಸಾರ್ ಫ್ಲೆಕ್ಸ್‌ಗೆ ಹೇಳಿದಾರೆ. ಆರಡಿ ನಾಲ್ಕಡಿ. ಅವರ ಜೀಪು ಇಲ್ಲೇ ಬಂದು ನಿಂತಿದೆ. ಅಮ್ಮನ ಫೋಟೋ ನೀನು ಕಳ್ಸ್ತೀಯ ಅಂದ್ರು.”

“ಮ್ಯಾಟರ್ ಎಂತ ಕೊಟ್ಟಿದಾರೆ?”

ರೇಖಾ ಓದಿದಳು. “‘ನಮ್ಮ ಪುಸ್ತಕ ಕಾರ್ಯದಲ್ಲಿ ನೆರವಾಗಿದ್ದ ಶ್ರೀಮತಿ ಚಿಕ್ಕಕ್ಕ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ. ಗಣೇಶಮೂರ್ತಿ ಮತ್ತು ಕುಟುಂಬ.’ ಕೆಳಗೆ ಅವರು ಕೈ ಮುಗಿದು ನಿಂತಿರೋ ಫೋಟೋ.”

“ಅದು ಪೂರಾ ತೆಗಿ. ಅವರ ಫೋಟೋನೂ ತೆಗಿ. ನಾನು ಹೇಳಿದ್ದು ಬರ್ಕೊ.”

ಪವಿತ್ರಾ ಹೇಳಿದಳು. ರೇಖಾ ಬರೆದುಕೊಂಡು, ಒಮ್ಮೆ ತಾನೇ ಓದಿಕೊಂಡಳು.

“ಇದನ್ನ ಹಾಕಿದ್ರೆ ನಿನ್ ಕೆಲ್ಸ ಇರ್ತದಾ ಪವಿ? ಅವರು ನಮ್ಮ ಯಜಮಾನರಿಗೆ ಎಷ್ಟು ಬೇಕಾದವರು ಗೊತ್ತಲ್ವಾ?”

“ಹೋದ್ರೆ ಹೋಗ್ಲಿ.”

“ನಿನ್ ಹೆಸರೂ ಇದ್ರಲ್ಲಿ ಇದೆಯಲ್ಲೆ.”

“ಅದಕ್ಕೇ ಹಾಕು ಅಂದಿದ್ದು. ಫೋಟೋ ಕಳ್ಸ್ತೇನೆ. ಒಂದಿಂಚೂ ಕ್ರಾಪ್ ಮಾಡ್ಬೇಡ.”

ಫೋಟೋ ಕಳಿಸಿ ತಿರುಗಿದರೆ ಸುಂದರೇಶ ಹಿಂದೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಕೈ ಚಾಚಿದ. ಕಿತ್ತುಕೊಳ್ಳುತ್ತಾನೆಂದು ಪವಿತ್ರಾ ಹಿಂದೆ ಸರಿದಳು.

“ನೋಡಕ್ಕೆ ಕೊಡೆ,” ಎಂದ.

ಪರದೆಯ ಮೇಲಿನ ಕೈಯನ್ನು ಅವನು ನೋಡಿದ. ಹೂವನ್ನು ಅವನು ನೋಡಿದಂತೆ ಕಾಣಲಿಲ್ಲ. ಆ ಬೆರಳಿನ ಮೇಲೆಯೇ ಕಣ್ಣು ನಿಂತಿತ್ತು.

“ನಾನು ವಾಲದೆ ಇದ್ದಿದ್ರೆ ಇದು ಪೂರ್ತಿ ಇರ್ತಿತ್ತು.” ಫೋನನ್ನು ತಿರುಗಿ ಅವಳ ಕೈಗಿಟ್ಟ. “ಇಟ್ಕೊ. ಗುಂಡಿಗೆ ಅವಳ ಕತ್ತಿ ಹಾಕಾಣ. ನೀನು ಅದಕ್ಕೂ ಜಗಳ ತೆಗೀಬೇಡ.”

*

ಎನ್.ಆರ್.ಪುರದವರು ಬಂದಾಗ ಎರಡೂವರೆ. ಹೆಂಗಸರು ಬೇಲಿಯ ದಣಪೆಯ ಬಾಗಿಲಿನಿಂದಲೇ ಅಳುತ್ತ ಬಂದರು. ಚಿಕ್ಕಕ್ಕನನ್ನು ಚಟ್ಟಕ್ಕೇರಿಸಿ ಹಗ್ಗ ಬಿಗಿದರು. ಸುಂದರೇಶ ಕತ್ತಿಯನ್ನು ಅವಳ ಪಕ್ಕಕ್ಕೆ ಸಿಕ್ಕಿಸಿದ. ಮೂರ್ತಿಯವರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು.

“ಜೀಪು ಬಂದ್ಬಿಡ್ತದೆ. ಫ್ಲೆಕ್ಸ್ ಕಟ್ಟಿದ ಮೇಲೆ ಹೊರಡೋಣ. ನಮ್ಮ ಕಡೆಯಿಂದ ಅಷ್ಟಾದ್ರೂ ಮರ್ಯಾದೆ ಆಗ್ಬೇಕು ಅವಳಿಗೆ.” ಪವಿತ್ರಾಳ ಕಡೆ ತಿರುಗಿ, “ಫೋನಿನ ವಿಷಯ ಆಮೇಲೆ ಮಾತಾಡೋಣ,” ಎಂದರು.

“ಆಮೇಲೆ ಬೇಡ ಸಾರ್. ಈಗಲೇ ಹೇಳ್ತೇನೆ. ಕೊಡಲ್ಲ.”

“ಎಂತ?”

“ಕೊಡಲ್ಲ ಅಂದೆ. ನೀವು ಕೊಟ್ಟಿದ್ದು ಖಾಲಿ ಫೋನು. ಖಾಲಿ ಫೋನು ಬೇಕಿದ್ರೆ ನಿಮ್ಮನೆಗೇ ತಂದು ಕೊಡ್ತೇನೆ, ಚಾರ್ಜರ್ ಸಮೇತ. ಒಳಗಿರೋದು ಅವ್ವಂದು.”

ಮೂರ್ತಿಯವರ ಕಿವಿ ಕೆಂಪಾಯಿತು. ಸುತ್ತ ಜನ ಇದ್ದರು, ಅದಕ್ಕೇ ನಕ್ಕರು. “ದುಃಖದಲ್ಲಿದ್ದಾಳೆ ಪಾಪ,” ಎಂದು ಪಕ್ಕದವರಿಗೆ ಹೇಳಿದರು. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಜೀಪು ನಿಂತಿತು. ಡ್ರೈವರ್ ಸುರುಳಿ ಸುತ್ತಿದ ಫ್ಲೆಕ್ಸನ್ನು ಹೆಗಲ ಮೇಲಿಟ್ಟುಕೊಂಡು ಹತ್ತಿ ಬಂದ.

“ದಾರಿ ಬದಿಗೇ ಕಟ್ಟು, ಹೋಗಿ ಬರೋರಿಗೆಲ್ಲ ಕಾಣ್ಲಿ,” ಎಂದರು ಮೂರ್ತಿಯವರು. ಡ್ರೈವರ್ ದಣಪೆಯ ಈ ಕಡೆಯ ಹಲಸಿನ ಮರಕ್ಕೆ ಒಂದು ಹಗ್ಗ ಬಿಗಿದ. ಆ ಕಡೆ ಕಟ್ಟಲು ಮರವಿರಲಿಲ್ಲ, ಗೂಟ ಹುಡುಕಬೇಕಿತ್ತು. “ತಡ ಆಗ್ತದೆ, ಕೊಡಾ ಇಲ್ಲಿ,” ಎಂದು ಮೂರ್ತಿಯವರೇ ದಾರಿಯ ಆಚೆ ಬದಿಯ ಮಣ್ಣಿನ ದರೆಯ ಮೇಲೆ ಮೊಣಕಾಲಿಗೆ ಕೈಯೂರಿ ಹತ್ತಿ ನಿಂತು ಇನ್ನೊಂದು ಹಗ್ಗ ಹಿಡಿದರು. ಜನ ಎಲ್ಲ ಇತ್ತಲೇ ನೋಡುತ್ತಿದ್ದರು. ಅವರು ಹಗ್ಗವನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿದರು. ಡ್ರೈವರ್ ಸುರುಳಿ ಬಿಟ್ಟ.

ಮೊದಲು ಹೆಸರು ಕಾಣಿಸಿತು. ಚಿಕ್ಕಕ್ಕ. ಆಮೇಲೆ ಬೆರಳುಗಳು ಇಳಿದವು, ಒಂದೊಂದೂ ಮೊಳದುದ್ದ. ಉಗುರಿನೊಳಗಿನ ಮಣ್ಣು, ಗಂಟಿನ ಹತ್ತಿರದ ಸೀಳು, ತುದಿಯಿಲ್ಲದ ಬೆರಳು, ಅದರ ಮೇಲೆ ಮಲಗಿದ ಬಿಳಿ ಎಸಳು. ಕೊನೆಗೆ ಕೆಳಗಿನ ಸಾಲುಗಳು. ಎನ್.ಆರ್.ಪುರದಿಂದ ಬಂದಿದ್ದ ಹುಡುಗಿಯೊಬ್ಬಳು, ಓದಲು ಬಾರದ ಅಜ್ಜಿಗಾಗಿ, ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದಳು.

“‘ಗಣೇಶಮೂರ್ತಿಯವರ ಪುಸ್ತಕದ ನಲವತ್ತೊಂದು ಫೋಟೋ ತೆಗೆದವಳು ಇವಳು. ಎಲ್ಲದರಲ್ಲೂ ಈ ಕೈ ಇತ್ತು. ಅಳಿಸು ಅಂದವರು ಗಣೇಶಮೂರ್ತಿ. ಅಳಿಸಿದವಳು ಮಗಳು ಪವಿತ್ರಾ.’”

ಕರಿಯಕ್ಕ ಮುಂದೆ ಬಂದು, ಫ್ಲೆಕ್ಸಿನ ಮುಂದೆ ನಿಂತು, ತನ್ನ ಅಂಗೈಯನ್ನು ಆ ಅಂಗೈಯ ಮೇಲಿಟ್ಟಳು. ಅವಳ ಇಡೀ ಕೈ ಆ ಅಂಗೈಯ ಗುಳಿಯೊಳಗೆ ಕೂತಿತು. “ಅವಳದ್ದೇ,” ಎಂದಳು.

ಮೂರ್ತಿಯವರು ದರೆಯ ಮೇಲಿಂದ ಬಗ್ಗಿ ಓದಿದರು. ಫ್ಲೆಕ್ಸಿನ ಹಗ್ಗ ಇನ್ನೂ ಅವರ ಎರಡೂ ಕೈಯಲ್ಲೇ ಇತ್ತು.